ಕಣ್ಣಿಗೆ ಹಾಕಿದ ಔಷಧಿ

ಕೈಲಾಂಚದ ಕೆಂಪಯ್ಯ ಸ್ವಂತ ಅಕ್ಕನ ಮಗಳು ಸಿದ್ದಮ್ಮನನ್ನೇ ಮದುವೆಯಾಗಿದ್ದ. ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೂ ಚಿಕ್ಕಂದಿನಿಂದಲೇ ದೃಷ್ಟಿ ಮಂದ. ದೊಡ್ಡವಳು ಪುಟ್ಟಲಕ್ಷ್ಮಿಗೆ ಈಗ ಬೆಳಕು ಯಾವುದು, ಕತ್ತಲು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ತಂಗಿ ಧನುಶ್ರೀಗೆ ಹಗಲಲ್ಲಿ ಒಂದಿಷ್ಟು ಕಾಣುತ್ತಿತ್ತು, ಸಂಜೆಯಾದರೆ ಗೋಡೆ ಹಿಡಿದು ನಡೆಯಬೇಕು.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಇಂಥ ಕಣ್ಣಿಗೆ ಜೀನ್ ಚಿಕಿತ್ಸೆಯ ಪ್ರಯೋಗ ನಡೆಯುತ್ತಿದೆ ಎಂದು ರೇಡಿಯೋದಲ್ಲಿ ಕೇಳಿದವಳು ಪುಟ್ಟಲಕ್ಷ್ಮಿ. "ಪ್ರಯೋಗ ಅಂದ್ರೆ ಇಲಿ ಮೇಲೆ ಮಾಡೋದು ಕಣವ್ವ" ಎಂದು ಹಿಂಜರಿದ ಅಪ್ಪನನ್ನು ಕಾಡಿ ಬೇಡಿ ಬಸ್ಸು ಹತ್ತಿಸಿದಳು.

ಅಕ್ಕತಂಗಿಯರಿಬ್ಬರ ರಕ್ತದಲ್ಲೂ ಒಂದೇ ದೋಷ ಸಿಕ್ಕಿತು. ಅದು ತಂದೆ ತಾಯಿ ಇಬ್ಬರಿಂದಲೂ ಬಂದದ್ದು, ಇನ್ನು ಮುಂದೆ ಸಂಬಂಧದಲ್ಲಿ ಮದುವೆ ಬೇಡ ಎಂದರು ಡಾಕ್ಟರು. ಔಷಧಿ ಹತ್ತಬೇಕಾದರೆ ಕಣ್ಣಿನ ಒಳಪದರದಲ್ಲಿ ಜೀವ ಉಳಿದಿರಬೇಕು. ಕಿರಿಯಳಲ್ಲಿ ಉಳಿದಿತ್ತು. ದೊಡ್ಡವಳಲ್ಲಿ ಇರಲಿಲ್ಲ.

"ಇವ್ಳಿಗಾದ್ರೂ ಹಾಕಿ ಸಾರ್" ಎಂದಳು ಪುಟ್ಟಲಕ್ಷ್ಮಿ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತಳು.

ಧನುಶ್ರೀಯ ಎಡಗಣ್ಣಿಗೆ ಔಷಧಿ ಬಿತ್ತು. ಕೆಲವೇ ತಿಂಗಳಲ್ಲಿ ಅವಳು ಮುಸ್ಸಂಜೆ ಒಬ್ಬಳೇ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಿ ಬಂದಳು. ಊರೆಲ್ಲ ಅದೇ ಮಾತು. ಅದರ ಹಿಂದೆಯೇ ಮದುವೆ ಪ್ರಸ್ತಾಪ ಬಂತು. ಗಂಡು ವಿರೂಪಾಕ್ಷಿಪುರದ ಸ್ವಾಮಿ, ಸಿದ್ದಮ್ಮನ ಕೊನೆಯ ತಮ್ಮ.

"ಡಾಕ್ಟ್ರು ಹೇಳಿದ್ದು ಮರ್ತ್‌ಬುಟ್ಯಾ ಅಪ್ಪ? ಮಾವನ ರಕ್ತದಾಗೂ ಅದೇ ಇರಬೋದು. ಒಂದ್ಸಲ ಪರೀಕ್ಷೆ ಮಾಡ್ಸು" ಎಂದಳು ಪುಟ್ಟಲಕ್ಷ್ಮಿ.

"ವಾಸಿ ಆಗೈತಲ್ಲ, ಇನ್ನೇನ್ ಪರೀಕ್ಷೆ? ಹೊರಗಿನೋರು ಯಾರ್ ಬತ್ತಾರೆ ಈ ಮನೆಗೆ?" ಎಂದ ಕೆಂಪಯ್ಯ.

"ಔಷಧಿ ಹಾಕಿರೋದು ಅವ್ಳ ಕಣ್ಣಿಗೆ. ಹುಟ್ಟೋ ಮಕ್ಳಿಗಲ್ಲ."

ಪುಟ್ಟಲಕ್ಷ್ಮಿ ತಂಗಿಯ ಕೈ ತಡಕಿ ಹಿಡಿದಳು. "ನೀನಾದ್ರೂ ಹೇಳೆ."

ಧನುಶ್ರೀ ಕೈ ಬಿಡಿಸಿಕೊಂಡಳು. "ನಂಗೆ ಕಣ್ಣು ಬಂದಿದ್ದು ನಿಂಗೆ ತಡ್ಕಳಕ್ ಆಗ್ನಿಲ್ಲ ಕಣಕ್ಕ."

ಕಬ್ಬಾಳಮ್ಮನ ಗುಡಿಯಲ್ಲಿ ಧಾರೆಯಾಯಿತು. ದನ ನೋಡಿಕೊಳ್ಳಲು ಪುಟ್ಟಲಕ್ಷ್ಮಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದರು.

ಧನುಶ್ರೀಗೆ ಗಂಡುಮಗುವಾಯಿತು. ಬಾಣಂತನ ಮುಗಿದರೂ ಮಗು ತಾಯಿಯ ಮುಖ ನೋಡಲಿಲ್ಲ; ಅದರ ಕಣ್ಣುಗಳು ಒಂದೆಡೆ ನಿಲ್ಲದೆ ಅತ್ತಿತ್ತ ಓಡುತ್ತಿದ್ದವು. ಅದೇ ಕಾಯಿಲೆ ಎಂದರು ಡಾಕ್ಟರು.

ಆಸ್ಪತ್ರೆಯಿಂದ ಎಲ್ಲರೂ ಮನೆಗೆ ಬಂದರು. ಸಿದ್ದಮ್ಮ ದೊಡ್ಡ ಮಗಳ ಕಡೆ ತಿರುಗಿದಳು.

"ಶುಭ ಕೆಲ್ಸದಾಗೆ ಅಪಶಕುನ ನುಡ್ದ್ಯಲ್ಲ, ಈಗ ತಣ್ಗಾಯ್ತಾ?"

ಪುಟ್ಟಲಕ್ಷ್ಮಿ ಮಗು ಅಳುತ್ತಿದ್ದ ಕಡೆಗೆ ಎರಡೂ ತೋಳು ಚಾಚಿದಳು. ಯಾರೂ ಕೊಡಲಿಲ್ಲ.