ಚಿನ್ನಮ್ಮನ ದೂರು ಯಾರ ಮೇಲೆ?

ಭದ್ರಾವತಿ ನ್ಯೂ ಟೌನಿನ ಆರೋಗ್ಯ ಕೇಂದ್ರದಲ್ಲಿ ಗಾಯ ಕಟ್ಟುವ ಕೋಣೆಗೆ ಅವತ್ತೂ ಬೀಗ ಬಿದ್ದಿತ್ತು. ರಂಗಪ್ಪ ಆ ಬೀಗವನ್ನು ಒಮ್ಮೆ ಜಗ್ಗಿ ನೋಡಿದರು, ತಮ್ಮ ಕೈಗೆ ಹೆದರಿ ಬಿಚ್ಚಿಕೊಂಡೀತು ಎಂಬಂತೆ. ಹಿಂದೆ ಬೆಂಚಿನ ಮೇಲೆ ಹೆಂಡತಿ ಚಿನ್ನಮ್ಮ ಬಲಗಾಲು ಚಾಚಿಕೊಂಡು ಕೂತಿದ್ದರು. ಸಕ್ಕರೆ ಕಾಯಿಲೆಯ ಕಾಲು. ಕಿರುಬೆರಳಿನ ಹತ್ತಿರ ಚಪ್ಪಲಿ ಕಚ್ಚಿ ಆದ ಗಾಯ ತಿಂಗಳುಗಳಿಂದ ಮಾಯುತ್ತ, ಮತ್ತೆ ಬಾಯಿ ಬಿಡುತ್ತ ಇತ್ತು.

ಆ ಗಾಯವನ್ನು ದಿನ ಬಿಟ್ಟು ದಿನ ತೊಳೆದು ಕಟ್ಟುತ್ತಿದ್ದವಳು ಸಿಸ್ಟರ್ ಹೇಮಶ್ರೀ. ಶಿವಮೊಗ್ಗದ ರಾಗಿಗುಡ್ಡದಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಈಗ ಅವಳು ಮುಷ್ಕರಕ್ಕೆ ಹೋಗಿದ್ದಳು. ಇದ್ದ ಒಬ್ಬರೇ ಡಾಕ್ಟರ ಮುಂದೆ ಸಾಲು ಗೇಟಿನ ತನಕ ಬೆಳೆದಿತ್ತು. ಅವರು ಗಾಯ ನೋಡಿ, "ಇದನ್ನ ಇಲ್ಲಿ ಇಟ್ಕೊಂಡು ಕೂರಬೇಡಿ, ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗಿ" ಎಂದು ಚೀಟಿ ಬರೆದುಕೊಟ್ಟರು.

ಚೀಟಿ ಜೇಬಿಗೆ ಹೋಯಿತು. ಸಿಟ್ಟು ಮಾತ್ರ ಹೊರಗೇ ಉಳಿಯಿತು.

"ಸರ್ಕಾರದ ಸಂಬಳ ಎಣಿಸೋರಿಗೆ ಇನ್ನೂ ಎಷ್ಟು ಬೇಕಂತೆ?" ಕಬ್ಬಿಣದ ಕಾರ್ಖಾನೆಯ ಸದ್ದಿನಲ್ಲಿ ಪಳಗಿದ ರಂಗಪ್ಪನ ಗಂಟಲು ಅದು, ಬೆಂಚಿನವರೆಲ್ಲ ತಿರುಗಿ ನೋಡಿದರು. "ಬ್ಯಾಂಡೇಜ್ ಸುತ್ತುವಾಗ್ಲೂ ಆಕಳಿಸ್ತಾ ಇರ್ತಾಳೆ. ನಾನೇ ಕಣ್ಣಾರೆ ನೋಡಿದೀನಿ. ಶನಿವಾರ ಕಮಿಟಿ ಮೀಟಿಂಗ್ ಇದೆಯಲ್ಲ, ಅವಳನ್ನ ಇಲ್ಲಿಂದ ಎತ್ತಂಗಡಿ ಮಾಡಿಸ್ತೀನಿ."

ಬರೀ ಬಾಯಿಮಾತಲ್ಲ. ರಂಗಪ್ಪ ಆ ಆರೋಗ್ಯ ಕೇಂದ್ರದ ಸಮಿತಿಯಲ್ಲಿ ಊರವರ ಪರವಾಗಿ ಕೂರುವ ಸದಸ್ಯರು. ಕಾರ್ಖಾನೆಯಲ್ಲಿದ್ದಾಗ ಯೂನಿಯನ್ ಮುಖಂಡರಾಗಿದ್ದವರು. ಅವರ ಮಾತಿಗೆ ಬೆಲೆಯಿತ್ತು.

ಸಂಜೆ ಮಲ್ಲೇಶ್ ಬಂದರು. ಅದೇ ಬೀದಿಯವರು, ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಚಿನ್ನಮ್ಮ ಕೊಟ್ಟ ಕಾಫಿ ಹಿಡಿದು ಗೆಳೆಯನ ಸಿಟ್ಟನ್ನೆಲ್ಲ ಕೇಳಿಸಿಕೊಂಡರು.

"ಅವಳನ್ನ ಎತ್ತಂಗಡಿ ಮಾಡ್ಸೋಕೆ ಆಗಲ್ಲ ಮಾರಾಯ. ಅವಳು ಪರ್ಮನೆಂಟ್ ಅಲ್ಲ, ಗುತ್ತಿಗೆ. ವರ್ಷಾ ವರ್ಷಾ ಮಾರ್ಚ್‌ನಲ್ಲಿ ಮತ್ತೆ ಸಹಿ ಆಗ್ಬೇಕು. ಕಮಿಟಿಯಿಂದ ಒಂದು ದೂರು ಹೋಯ್ತು ಅಂದ್ರೆ, ಏಪ್ರಿಲ್‌ನಿಂದ ಬರ್ಬೇಡಮ್ಮ ಅಂತಾರೆ. ಮುಗೀತು ಅವಳ ಕಥೆ."

"ಸರ್ಕಾರಿ ಆಸ್ಪತ್ರೇಲಿ ಎಂಥ ಗುತ್ತಿಗೆ ಮಾರಾಯ? ಎಲ್ರೂ ಒಂದೇ ಯೂನಿಫಾರ್ಮ್ ಹಾಕಲ್ವಾ?"

ರಂಗಪ್ಪ ಎಡವಿದ್ದು ಇಲ್ಲೇ. ಅವರ ಕಾರ್ಖಾನೆಯಲ್ಲಿ ಯಾರ ಪಗಾರ ಎಂಥದ್ದು ಎಂದು ಯಾರನ್ನೂ ಕೇಳಬೇಕಿರಲಿಲ್ಲ, ತಲೆ ನೋಡಿದರೆ ಸಾಕಿತ್ತು. ಕಾಯಂ ಕೆಲಸಗಾರರಿಗೆ ಬಿಳಿ ಹೆಲ್ಮೆಟ್, ಗುತ್ತಿಗೆಯವರಿಗೆ ಹಳದಿ. ರಂಗಪ್ಪನದು ಬಿಳಿ. ಅದೇ ಶಿಫ್ಟಿನಲ್ಲಿ ಅದೇ ಬೆಂಕಿಯ ಮುಂದೆ ನಿಲ್ಲುತ್ತಿದ್ದ ಮಗ ಶಿವಕುಮಾರನದು ಹಳದಿ. ಆಸ್ಪತ್ರೆಯಲ್ಲಿ ಹಳದಿ ಕಾಣಲಿಲ್ಲ, ಹಾಗಾಗಿ ಅಲ್ಲಿ ಎಲ್ಲರ ಸಂಬಳವೂ ಒಂದೇ ಎಂದು ತೀರ್ಮಾನಿಸಿಬಿಟ್ಟಿದ್ದರು.

ಮಲ್ಲೇಶ್ ಹೇಳಿದರು, "ನನ್ನ ಪಕ್ಕದ ಟೇಬಲ್ಲಲ್ಲಿ ಸುದೀಪ್ ಅಂತ ಒಬ್ಬ ಇದ್ದ. ಅದೇ ರಕ್ತ, ಅದೇ ಮಷಿನ್ನು, ಅದೇ ಹೊತ್ತು. ನನ್ನ ಸಂಬಳದ ಅರ್ಧಾನೂ ಅವನಿಗೆ ಸಿಗ್ತಿರ್ಲಿಲ್ಲ. ಅದೂ ತಿಂಗಳು ಸರಿಯಾಗಿ ಬರ್ತಿರ್ಲಿಲ್ಲ. ನಾನು ಸುಳ್ಳು ಹೇಳಲ್ಲ, ಪರ್ಮನೆಂಟ್ ಇದ್ದೋರಿಗೆ ಚೆನ್ನಾಗೇ ಕೊಡ್ತಾರೆ. ನನ್ನ ಮನೆ ಪೆನ್ಷನ್ನಲ್ಲೇ ನಡೀತಿದೆ. ಆದ್ರೆ ನೀನು ನೋಡೋ ಸಿಸ್ಟರ್‌ಗಳಲ್ಲಿ ಎಷ್ಟು ಜನ ಗುತ್ತಿಗೆಯವ್ರು ಅಂತ ಒಂದ್ಸಲ ಕೇಳಿ ನೋಡು."

"ಅದಕ್ಕೆ ಪೇಷೆಂಟ್‌ನ ಬಿಟ್ಟು ಹೋಗೋದಾ?"

"ನೀನೂ ಗೇಟ್ ಮುಂದೆ ಮುಷ್ಕರ ಕೂತಿದ್ಯಲ್ಲ ರಂಗಪ್ಪ."

"ನಾನು ಬಿಟ್ಟು ಬಂದಿದ್ದು ಕಬ್ಬಿಣಾನ. ಕಬ್ಬಿಣಕ್ಕೆ ಕೀವಾಗಲ್ಲ."

ಮಲ್ಲೇಶ್ ಲೋಟ ಕೆಳಗಿಟ್ಟು, "ಅದೂ ಸರಿ. ಜಗಳ ಆಮೇಲೆ ಆಡು, ನಾಳೇನೇ ಚಿನ್ನಮ್ಮನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗು" ಎಂದರು.

"ಶನಿವಾರ ಕಳೀಲಿ. ಈ ಕಾಲನ್ನ ಹೀಗೇ ಮೀಟಿಂಗ್‌ಗೆ ಕರ್ಕೊಂಡು ಹೋಗಿ ತೋರಿಸ್ತೀನಿ. ಆಗ ಗೊತ್ತಾಗುತ್ತೆ."

ಯೂನಿಯನ್ ಕಾಲದ ಹಳೆಯ ಅಭ್ಯಾಸ ಅದು. ದೂರನ್ನು ಬಿಸಿಯಾಗಿಟ್ಟುಕೊಂಡು ಮೀಟಿಂಗಿನ ಮೇಜಿನ ಮೇಲೇ ಬಡಿಸಬೇಕು. ಚಿನ್ನಮ್ಮನೂ "ನೋವೇನಿಲ್ಲ ಬಿಡಿ" ಎಂದರು. ಸಕ್ಕರೆ ಕಾಯಿಲೆಯಲ್ಲಿ ನೋವಿಲ್ಲ ಎಂದರೆ ಗಾಯ ವಾಸಿಯಾಗಿದೆ ಎಂದಲ್ಲ, ಕಾಲಿನ ಅರಿವು ಸತ್ತಿದೆ ಎಂದು. ಹೇಮಶ್ರೀ ಕಟ್ಟುವಾಗೆಲ್ಲ ಅದನ್ನೇ ಹೇಳುತ್ತಿದ್ದಳು. ಈಗ ಹೇಳಲು ಅವಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದರೆ ಕಿರುಬೆರಳು ಕಪ್ಪಾಗಿತ್ತು. ವಾಸನೆ ಕೋಣೆ ತುಂಬಿತು. ರಂಗಪ್ಪ ಮೀಟಿಂಗಿನ ಮಾತು ಬಿಟ್ಟು ಚಿನ್ನಮ್ಮನನ್ನು ಹೊರಡಿಸಿದರು.

ಬಸ್ಸಿನಲ್ಲಿ ಶಿವಮೊಗ್ಗ ಮುಟ್ಟಿ ಆಟೋ ಹತ್ತಿದರು. ದಾರಿಯಲ್ಲಿ ಒಂದು ಕಡೆ ಶಾಮಿಯಾನ ಹಾಕಿ ಮುಷ್ಕರದ ಹೆಂಗಸರು ಗಂಡಸರು ನೆಲದ ಮೇಲೆ ಕೂತಿದ್ದರು. ಆಟೋ ನಿಧಾನವಾಯಿತು.

"ರೀ, ನಮ್ಮ ಸಿಸ್ಟರಮ್ಮ!" ಎಂದು ಚಿನ್ನಮ್ಮ ಕೈ ಹೊರಗೆ ಚಾಚಿದರು.

ಹೇಮಶ್ರೀ ಎದ್ದು ಓಡಿ ಬಂದಳು. ಮಾತಾಡಿಸುವ ಮೊದಲೇ ಅವಳ ಕಣ್ಣು ಕಾಲಿಗೆ ಹೋಯಿತು.

"ಯಾವತ್ತಿಂದ ಹೀಗಿದೆ ಅಮ್ಮ? ಅಪ್ಪಾಜಿ, ಸರೀರಿ" ಎಂದವಳೇ ಆಟೋದೊಳಗೆ ನುಗ್ಗಿ ಕೂತು, ಚಿನ್ನಮ್ಮನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. "ದೊಡ್ಡಾಸ್ಪತ್ರೆಗೆ ಬಿಡಿ ಅಣ್ಣ, ಬೇಗ."

ರಂಗಪ್ಪ ಬೈಯಬೇಕೆಂದು ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೇ ಹೊರಬಂತು. "ಕೆಲಸದಲ್ಲಿ ಇದ್ದಿದ್ರೆ ಹೀಗಾಗ್ತಿತ್ತೇನಮ್ಮ?"

"ಆಗ್ತಿರ್ಲಿಲ್ಲ ಅಪ್ಪಾಜಿ" ಎಂದಳು. ಕಣ್ಣಲ್ಲಿ ನೀರಿತ್ತು. "ನನ್ನ ಪೇಷೆಂಟ್‌ಗಳು ಯಾರ್ಯಾರು ಹೇಗಿದ್ದಾರೋ ಅಂತ ಅಲ್ಲಿ ಕೂತೂ ಅದೇ ಯೋಚನೆ. ಸಂಬಳ ಬಂದು ಎಷ್ಟೋ ತಿಂಗಳಾಯ್ತು. ಬಂದ್ರೂ ಮನೆ ಬಾಡಿಗೆ, ಬಸ್ಸು, ಮಗೂ ಸ್ಕೂಲು, ಅಷ್ಟಕ್ಕೇ ಸಾಲಲ್ಲ. ಭದ್ರಾವತೀಲಿ ಡ್ಯೂಟಿ ಮುಗಿಸಿ ಇಲ್ಲಿ ಪ್ರೈವೇಟ್ ನರ್ಸಿಂಗ್ ಹೋಮ್‌ನಲ್ಲಿ ನೈಟ್ ಮಾಡ್ತೀನಿ. ಬೆಳಿಗ್ಗೆ ಅಲ್ಲಿಂದಾನೇ ಬಸ್ ಹತ್ತಿ ಭದ್ರಾವತಿಗೆ ಬರೋದು. ನಿಮ್ಮನೆ ಅಮ್ಮನ ಗಾಯ ಕಟ್ಟುವಾಗ ಎಷ್ಟೋ ಸಲ ಕಣ್ಣು ಎಳೀತಿತ್ತು. ನೀವು ನೋಡಿದ್ದೂ ನಂಗೊತ್ತು."

ರಂಗಪ್ಪ ಮುಖ ತಿರುಗಿಸಿದರು. ಆ ಆಕಳಿಕೆ!

"ಇನ್ನು ಮಾರ್ಚ್ ಬಂತಂದ್ರೆ ಎದೆ ಹೊಡ್ಕೊಳ್ಳುತ್ತೆ" ಎಂದು ಹೇಮಶ್ರೀ ತನಗೇ ಹೇಳಿಕೊಂಡಳು. "ಯಾರು ಏನು ಹೇಳ್ತಾರೋ, ಸಹಿ ಆಗುತ್ತೋ ಇಲ್ವೋ."

ರಂಗಪ್ಪನಿಗೆ ಮಗನ ನೆನಪಾಯಿತು. ಹಿಂದೊಂದು ಬೆಳಿಗ್ಗೆ ಶಿವಕುಮಾರ ಕೆಲಸಕ್ಕೆ ಹೋದವನು ಗೇಟಿನಿಂದಲೇ ವಾಪಸು ಬಂದು, ಹಳದಿ ಹೆಲ್ಮೆಟ್ಟನ್ನು ಅಡುಗೆಮನೆ ಬಾಗಿಲಲ್ಲಿಟ್ಟು, "ನಾಳೆಯಿಂದ ಬೇಡ ಅಂದ್ರು ಕಂಟ್ರಾಕ್ಟರು" ಎಂದಿದ್ದ. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಯಾರೋ ಏನೋ ಹೇಳಿದ್ದರು, ಅಷ್ಟೇ. ಅಂಥದೇ ಒಂದು ಮಾತನ್ನು ನಾಳೆ ಮೀಟಿಂಗಿನಲ್ಲಿ ಆಡಲು ಹೊರಟಿದ್ದ ತನ್ನ ಬಗ್ಗೆ ರಂಗಪ್ಪನಿಗೆ ನಾಚಿಕೆಯಾಯಿತು.

ಆಸ್ಪತ್ರೆಯಲ್ಲಿ ಹೇಮಶ್ರೀ ಓಡಾಡಿ ಸರ್ಜನ್‌ಗೆ ತೋರಿಸಿದಳು. ಪಾದ ಉಳಿಯಿತು. ಕಿರುಬೆರಳು ಉಳಿಯಲಿಲ್ಲ.

ಮರುದಿನ ಹಾಸಿಗೆಯ ಪಕ್ಕ ಕೂತ ಗಂಡನನ್ನು ಚಿನ್ನಮ್ಮ ಕೇಳಿದರು, "ಇವತ್ತು ಮೀಟಿಂಗ್ ಅಲ್ವಾ? ಹೋಗಲ್ವಾ?"

"ಯಾವ ಮುಖ ಇಟ್ಕೊಂಡು ಹೋಗ್ಲಿ? ಡಾಕ್ಟ್ರು ಚೀಟಿ ಕೊಟ್ಟಿದ್ರು. ಜೇಬಲ್ಲಿಟ್ಕೊಂಡು ಕೂತೋನು ನಾನು."

"ನಿಮ್ಮ ತಪ್ಪನ್ನ ಮನೆಗೆ ಹೋದ್ಮೇಲೆ ವಿಚಾರ್ಸ್ಕೊಳ್ತೀನಿ" ಎಂದು ಚಿನ್ನಮ್ಮ ಸಣ್ಣಗೆ ನಕ್ಕರು. ಆಮೇಲೆ ನಗು ಹೋಯಿತು. "ಶಿವು ಇಲ್ಲಿ ನನ್ನ ಜೊತೆ ಇರ್ತಾನೆ. ನೀವು ಹೋಗಿ. ಹೋಗಿದ್ದು ನನ್ನ ಬೆರಳು. ದೂರು ಯಾರ ಮೇಲೆ ಅಂತ ನಾನು ಹೇಳ್ತೀನಿ, ನೀವು ಅಷ್ಟನ್ನೇ ಹೇಳಿ ಬನ್ನಿ."

ಮೀಟಿಂಗಿನಲ್ಲಿ ರಂಗಪ್ಪ ಎದ್ದು ನಿಂತರು. ಸಿಸ್ಟರ್ ಮೇಲಿನ ದೂರು ಬರೆದುಕೊಳ್ಳಲು ಎಲ್ಲರೂ ತಯಾರಾಗಿದ್ದರು.

"ನನ್ನ ಹೆಂಡ್ತಿ ಕಾಲಿನ ಬೆರಳು ತೆಗೆದ್ರು" ಎಂದರು. ಆ ದೊಡ್ಡ ಗಂಟಲು ಅವತ್ತು ಏಳಲೇ ಇಲ್ಲ. "ಅವಳ ದೂರು ಇದೆ, ಬರ್ಕೊಳ್ಳಿ. ಸಿಸ್ಟರ್ ಮೇಲಲ್ಲ. ಗಾಯ ಕಟ್ಟೋ ಕೈಗೆ ಸರಿಯಾಗಿ ಸಂಬಳ ಕೊಡದೆ, ಆ ಕೈ ಕೆಲಸ ಬಿಟ್ಟು ಬೀದಿಗೆ ಬರೋ ಹಾಗೆ ಮಾಡಿದ ವ್ಯವಸ್ಥೆ ಮೇಲೆ. ಒಂದೇ ಕೆಲ್ಸ ಮಾಡೋರಿಗೆ ಒಂದೇ ಸಂಬಳ ಕೊಡ್ಲಿ, ತಿಂಗಳು ತಿಂಗಳು ಕೊಡ್ಲಿ. ಹೇಮಶ್ರೀ ಸಿಸ್ಟರ್ ಇಲ್ಲೇ ಮುಂದುವರೀಬೇಕು ಅಂತ ಈ ಕಮಿಟಿಯಿಂದ ಮೇಲಕ್ಕೆ ಬರೀರಿ. ಮೊದಲ ಸಹಿ ನಂದು."

ಆರೋಗ್ಯ ಕೇಂದ್ರದ ಡಾಕ್ಟರು ಪೆನ್ನು ತೆಗೆದು ಅವರ ಕೈಗೆ ಕೊಟ್ಟರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವಿಗೆ ಚುಚ್ಚುಮದ್ದು ಹಾಕುವವರು, ನಿಮ್ಮ ರಕ್ತ ತೆಗೆಯುವವರು, ನಿಮ್ಮ ಮನೆಯವರ ಗಾಯ ತೊಳೆಯುವವರು ತೊಟ್ಟ ಬಟ್ಟೆ ನೋಡಿ ಅವರ ಸಂಬಳ ಅಳೆಯಬೇಡಿ. ಮುಂದಿನ ಸಲ ಹೋದಾಗ ಕೇಳಿ, "ನಿಮ್ಮದು ಕಾಯಂ ಕೆಲಸವಾ, ಗುತ್ತಿಗೆಯಾ? ಸಂಬಳ ಬಂತಾ?" ಗುಟ್ಟಾಗಿ ಅವರ ಕೈಗೆ ನೂರು ರೂಪಾಯಿ ತುರುಕಿದರೆ ಅದು ಸಂಬಳವಾಗುವುದಿಲ್ಲ. ಅವರು ಹೇಳಿದ್ದನ್ನು ನಿಮ್ಮ ಆರೋಗ್ಯ ಕೇಂದ್ರದ ಸಮಿತಿಯಲ್ಲಿ, ವಾರ್ಡ್ ಸಭೆಯಲ್ಲಿ, ಓಟು ಕೇಳಿ ಬಾಗಿಲಿಗೆ ಬಂದವರ ಮುಂದೆ ಗಟ್ಟಿಯಾಗಿ ಹೇಳಿ. ಕಾಲಿಗೆ ಗಾಯವಾದರೆ ಮಾತ್ರ ಯಾವ ಸಭೆಗೂ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಚಿನ್ನಮ್ಮ ಈಗ ನಿಧಾನವಾಗಿ ನಡೆಯುತ್ತಾರೆ. ಅವರ ದೂರಿನ ಕೆಳಗೆ ನಿಮ್ಮ ಸಹಿಗೂ ಜಾಗವಿದೆ.