ಹಟ್ಟೋರಿಯ ಗಾಡಿ ಯಾವ ಕಡೆಗೆ

ಬ್ಯಾಂಡಿನವರ ಬಾಯಿ ಮುಚ್ಚಿಸಲು ಲೂಮಿಂಗ್ ಬರಿಗಾಲಲ್ಲೇ ಗೇಟಿನತ್ತ ಓಡಿದಳು. ಕಹಳೆಯವನು ಆಗಲೇ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದ.

“ಊದಬೇಡ್ರಪ್ಪಾ, ಊದಬೇಡಿ! ಮಗಳು ಬಂದ್ಲು. ಅವಳು ಏನಂತಾಳೋ ನೋಡ್ಕೊಂಡು ಆಮೇಲೆ ಊದಿ.”

ಮಗಳು ಎಂದರೆ ತೀರಿಹೋದ ಹಟ್ಟೋರಿಯ ಮಗಳು, ಮಿಸುಜು. ಜಪಾನಿನ ಯೈಜು ಬಂದರಿನವಳು. ಎರಡು ವಿಮಾನ, ಒಂದು ಹಡಗು ಹತ್ತಿ ಇಳಿದು, ಕೊನೆಗೆ ಬಾಕೊಂಗ್ ಪೇಟೆಯ ಮೂರುಗಾಲಿ ಗಾಡಿಯಲ್ಲಿ ಮೈಯೆಲ್ಲ ಧೂಳು ಮಾಡಿಕೊಂಡು ಬಂದಿದ್ದಳು. ಐವತ್ತು ದಾಟಿದ ಹೆಂಗಸು. ಈ ಸೆಕೆಯಲ್ಲಿ ಕಪ್ಪು ಉಡುಪು, ಕಪ್ಪು ಕಾಲುಚೀಲ. ಅಪ್ಪ ಫಿಲಿಪೀನ್ಸಿಗೆ ಬಂದು ನೆಲೆಸಿದ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಇತ್ತ ತಲೆ ಹಾಕಿದವಳಲ್ಲ. ಈಗ ಬಂದವಳು ಶವಪೆಟ್ಟಿಗೆಯ ಮುಂದೆ ಕೈಮುಗಿದು ಬಗ್ಗಿದಳು, ಬಗ್ಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದಾಗ ಒಂದೇ ಮಾತು ಹೇಳಿದಳು.

“ಅಪ್ಪನ್ನ ಇಲ್ಲಿ ಹೂಳೋದು ಬೇಡ. ಹಡಗಲ್ಲಿ ಸೆಬು ಪಟ್ಟಣಕ್ಕೆ ಒಯ್ದು ಸುಡಿಸಿ ಮೂಳೆ ತಗೊಂಡು ಹೋಗ್ತೀನಿ. ಅಮ್ಮನ ಗೋರಿಕಲ್ಲಿನ ಮೇಲೆ ಅಪ್ಪನ ಹೆಸರು ಆಗಲೇ ಇದೆ.”

ಹೇಳಿದ್ದು ಜಪಾನಿ ಮಾತಿನಲ್ಲಿ. ಬೇರೆ ಯಾರಿಗೂ ಅರ್ಥವಾಗಲಿಲ್ಲ, ಲೂಮಿಂಗಳಿಗೆ ಮಾತ್ರ ಆಯಿತು. ಹರೆಯದಲ್ಲಿ ಆರು ವರ್ಷ ಅದೇ ಯೈಜುವಿನ ಮೀನು ಕಾರ್ಖಾನೆಯಲ್ಲಿ ದುಡಿದವಳು ಅವಳು. ಆ ಕಲ್ಲಿನ ಸಂಗತಿಯೂ ಅವಳಿಗೆ ಗೊತ್ತು. ಅಲ್ಲಿ ಗಂಡಹೆಂಡಿರಲ್ಲಿ ಒಬ್ಬರು ಹೋದರೆ ಉಳಿದವರ ಹೆಸರನ್ನೂ ಪಕ್ಕದಲ್ಲೇ ಕೆತ್ತಿ ಕೆಂಪು ತುಂಬುತ್ತಾರೆ. ಅವರೂ ಬಂದು ಸೇರಿದ ದಿನ ಕೆಂಪು ಅಳಿಸುತ್ತಾರೆ. ಹಟ್ಟೋರಿಯ ಹೆಸರು ಹಾಗೆ ಕೆಂಪಾಗಿಯೇ ಕಾದು ಕುಳಿತಿತ್ತು.

ಗೇಟಿನಾಚೆ ಶವದ ವ್ಯಾನಿನ ಡ್ರೈವರ್ ಬೆರ್ಟಿಂಗ್ ಗಾಜು ಇಳಿಸಿ ತಲೆ ಹೊರಹಾಕಿದ.

“ಅಕ್ಕಾ, ಗೇಟು ದಾಟಿದ್ಮೇಲೆ ಬಲಕ್ಕಾ, ಎಡಕ್ಕಾ? ಬಲಕ್ಕೆ ಅಂದ್ರೆ ಚರ್ಚು. ಎಡಕ್ಕೆ ಅಂದ್ರೆ ಹಡಗು. ಹಡಗು ತಪ್ಪಿದ್ರೆ ನಾಳೇನೇ ಮತ್ತೆ.”

“ನನ್ನ ಯಾಕೋ ಕೇಳ್ತೀಯ?”

“ಇನ್ಯಾರನ್ನ ಕೇಳ್ಲಿ? ಸತ್ತೋರನ್ನ ಕೇಳ್ಲಾ?”

ಕೇಳಬೇಕಾದವರು ಯಾರು ಎಂಬುದೇ ಇಲ್ಲಿನ ಗೋಜಲು. ಲೂಮಿಂಗ್ ಹಟ್ಟೋರಿಗೆ ಹನ್ನೊಂದು ವರ್ಷ ಬೇಯಿಸಿ ಹಾಕಿದ್ದಳು, ಬೈದಿದ್ದಳು, ಕಾಲು ಒತ್ತಿದ್ದಳು. ಆದರೆ ಹೆಂಡತಿಯಲ್ಲ. ಅವಳನ್ನು ಕಟ್ಟಿಕೊಂಡ ಗಂಡ ಮಿಂಡನಾವೊ ಕಡೆ ಹೋದವನು ಹೋದ, ಎಲ್ಲೋ ಬದುಕಿದ್ದಾನಂತೆ. ಓಡಿಹೋದ ಗಂಡನಿಂದ ಬಿಡುಗಡೆ ಕೊಡುವ ಕಾನೂನು ಈ ದೇಶದಲ್ಲಿಲ್ಲ. ಮಗಳು ಬರುವವರೆಗೆ ಹೆಣ ಹೂಳಬೇಡಿ, ತೀರ್ಮಾನ ಅವಳದ್ದು ಎಂದು ರಾಯಭಾರ ಕಚೇರಿಯವರು ಫೋನಿನಲ್ಲೇ ಹೇಳಿಬಿಟ್ಟಿದ್ದರು. ಗುಡ್ಡದ ಸ್ಮಶಾನದಲ್ಲಿ ಲೂಮಿಂಗಳ ಅಪ್ಪ ಅಮ್ಮನ ಪಕ್ಕ ಗುಂಡಿ ತೋಡಿಯಾಗಿತ್ತು. ಹಂದಿ ಕೊಯ್ದಾಗಿತ್ತು. ಚರ್ಚಿನಲ್ಲಿ ಪಾದ್ರಿ ಕಾಯುತ್ತಿದ್ದರು.

ಅಂಗಳದ ಕಾಡುಬಾದಾಮಿ ಮರದ ಕೆಳಗೆ ಪರದೇಶಿ ಮುದುಕರು ಇಬ್ಬರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು ಬೆವರೊರೆಸಿಕೊಳ್ಳುತ್ತಿದ್ದರು. ಒಬ್ಬ ಜರ್ಮನಿಯ ಡೆಟ್ಲೆಫ್, ನಲ್ಲಿ ರಿಪೇರಿ ಮಾಡಿ ನಿವೃತ್ತನಾದವನು. ಇನ್ನೊಬ್ಬ ಆಸ್ಟ್ರೇಲಿಯಾದ ಟ್ರೆವರ್, ಲಾರಿ ಓಡಿಸಿದವನು. ಲೂಮಿಂಗಳ ಊಟದಂಗಡಿಯಲ್ಲಿ ದಿನಾ ಬೆಳಗ್ಗೆ ಹಟ್ಟೋರಿಯ ಜೊತೆ ಕಾಫಿ ಕುಡಿಯುತ್ತಿದ್ದವರು. ಈಗ ಇಬ್ಬರಿಗೂ ಮೈಮೇಲೆ ಇರುವೆ ಬಿಟ್ಟ ಹಾಗಾಗಿತ್ತು.

“ನಿನ್ನನ್ನ ಎಲ್ಲಿ ಹಾಕ್ಬೇಕು ಅಂತ ಹೇಳಿಟ್ಟಿದೀಯೇನೋ?” ಡೆಟ್ಲೆಫ್ ಕೇಳಿದ.

“ಹೇಳೋಕೆ ಕೇಳೋರು ಬೇಕಲ್ಲ ಮಾರಾಯ. ನನ್ನ ಮಗ ಕ್ರಿಸ್‌ಮಸ್ಸಿಗೂ ಫೋನ್ ಮಾಡಲ್ಲ. ಹೆಣ ಬೇಕು ಅಂತ ಬರ್ತಾನಾ?”

“ಬರದಿದ್ರೆ ಒಳ್ಳೇದು ಬಿಡು. ನೋಡ್ತಿದೀಯಲ್ಲ, ಬಂದ್ರೆ ಏನಾಗುತ್ತೆ ಅಂತ.”

“ಬಂದಿದಾಳಲ್ಲಪ್ಪಾ,” ಎಂದ ಟ್ರೆವರ್. ಅವನ ದನಿಯಲ್ಲಿ ಹೊಟ್ಟೆಕಿಚ್ಚಿತ್ತು.

*

ಹಟ್ಟೋರಿ ಮೂವತ್ತು ವರ್ಷ ಯೈಜು ಬಂದರಿನಲ್ಲಿ ಮಂಜುಗಡ್ಡೆ ಲಾರಿ ಓಡಿಸಿದವನು. ಹೆಂಡತಿ ಹೋದ ಮೇಲೆ ಮನೆಯನ್ನು ಮಗಳಿಗೆ ಬಿಟ್ಟು, ಪಿಂಚಣಿ ಸಾಕಾಗುವ, ಮಂಡಿಗೆ ಬಿಸಿಲು ಬೀಳುವ ಜಾಗ ಹುಡುಕಿಕೊಂಡು ಬಂದ. ಬಂದ ವಾರವೇ ಲೂಮಿಂಗಳ ಅಂಗಡಿಯಲ್ಲಿ ಮೀನಿನ ಸಾರು ತಿನ್ನುತ್ತಿದ್ದ. ಅವಳು ಮೀನಿನವನ ಜೊತೆ ಜಗಳಕ್ಕೆ ಬಿದ್ದಿದ್ದಳು. ಸಿಟ್ಟು ನೆತ್ತಿಗೇರಿ, ಬಾಯಿಗೆ ಬಂದದ್ದು ಹಳೆಯ ಕಾರ್ಖಾನೆಯ ಜಪಾನಿ ಬೈಗುಳ.

ಹಟ್ಟೋರಿ ಚಮಚ ಕೆಳಗಿಟ್ಟ.

“ಯಾವ ಕಾರ್ಖಾನೆ?” ಎಂದ.

“ಹಳೇ ಬಂದರಿನ ಹಿಂದಿಂದು. ಯಾಕೆ?”

“ನಾನು ಅಲ್ಲಿಗೆ ಮಂಜುಗಡ್ಡೆ ಹಾಕ್ತಿದ್ದೆ.”

“ಓಹೋ, ನೀನೇನಾ ಯಾವಾಗ್ಲೂ ತಡ ಮಾಡ್ತಿದ್ದೋನು? ನಿನ್ನಿಂದ ನಮಗೆಲ್ಲ ಎಷ್ಟು ಬೈಗುಳ ಬಿದ್ದಿದೆ ಗೊತ್ತಾ?”

ಅಂದು ತಿಂದವನು ಮರುದಿನವೂ ಬಂದ. ಮೂರನೆಯ ದಿನ ಅಂಗಡಿಯ ಮುಂದಿನ ರಸ್ತೆ ಗುಡಿಸಿದ. ಕುಳಿತುಕೊಳ್ಳುವುದು ಅವನಿಗೆ ಗೊತ್ತೇ ಇರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ನೆರೆಯವರ ಫ್ರಿಜ್ಜು ಬಿಚ್ಚುವುದು, ಬೇಲಿ ಕಟ್ಟುವುದು, ಕಟ್ಟಿದ ಬೇಲಿ ಸರಿಯಿಲ್ಲವೆಂದು ಮತ್ತೆ ಬಿಚ್ಚುವುದು. ನಿವೃತ್ತಿ ಅಂದರೆ ಕೂರೋದು ಕಣೋ ಎಂದು ಡೆಟ್ಲೆಫ್ ಗೋಗರೆಯುತ್ತಿದ್ದ. “ಕೂತ್ರೆ ಕರಗಿಹೋಗ್ತೀನಿ” ಎನ್ನುವನು ಹಟ್ಟೋರಿ.

*

ಒಳಗಿನಿಂದ ತಿಯಾ ಪಾಸಿಂಗ್ ಕಿರುಚಿಕೊಂಡದ್ದು ರಸ್ತೆಯವರೆಗೂ ಕೇಳಿಸಿತು. ಲೂಮಿಂಗಳ ಚಿಕ್ಕಮ್ಮ ಅವಳು. ಎಂಬತ್ತು ದಾಟಿದ್ದರೂ ಗಂಟಲು ಮಾತ್ರ ಇಪ್ಪತ್ತರದ್ದು.

“ಅಯ್ಯಯ್ಯೋ! ಪೊರಕೆ ಕಿತ್ಕೊಳ್ರೇ! ಮನೆ ಹಾಳು ಮಾಡ್ತಾಳೆ, ಕಿತ್ಕೊಳ್ರೇ!”

ಮಿಸುಜು ಗುಡಿಸುತ್ತಿದ್ದಳು. ಏಳು ದಿನ ಜನ ಬಂದು ಕುಳಿತ ಮನೆ. ಕಲ್ಲಂಗಡಿ ಬೀಜದ ಸಿಪ್ಪೆ, ಮೇಣದ ಹನಿ, ಇಸ್ಪೀಟಾಡಿದವರ ಸಿಗರೇಟು ತುಂಡು, ಮಣ್ಣು. ಹೆಣವಿರುವ ಮನೆಯಲ್ಲಿ ಕಸ ಗುಡಿಸಿದರೆ ಇನ್ನೊಂದು ಜೀವವನ್ನೂ ಗುಡಿಸಿ ಹೊರಗೆ ಹಾಕಿದಂತೆ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಬಾಗಿಲ ಬಳಿ ಲೂಮಿಂಗಳ ಮಗಳು ಜೊವೆಲಿನ್ ಎಂಟು ತಿಂಗಳ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಅವಳ ತುಟಿ ಬಿಳುಚಿಕೊಂಡಿತ್ತು.

ಲೂಮಿಂಗ್ ಓಡಿಬಂದು ಪೊರಕೆಗೆ ಕೈ ಹಾಕಿದಳು. ಮಿಸುಜು ಬಿಡಲಿಲ್ಲ.

“ಬೀದಿ ಗುಡಿಸ್ತಿದ್ದ ಮನುಷ್ಯನ್ನ ಈ ಕೊಳಕಲ್ಲಿ ಮಲಗಿಸಿದೀರಲ್ಲ! ನಾಚಿಕೆ ಆಗಲ್ವಾ ನಿಮಗೆ?”

“ಬಿಡು ಅಂದ್ರೆ ಬಿಡು! ನನ್ನ ಮಗಳು ಬಸುರಿ ಕಣೇ! ನಿಮ್ಮಪ್ಪನ ಮೇಲೆ ಅಷ್ಟು ಪ್ರೀತಿ ಇದ್ದಿದ್ರೆ ಅವರು ಗುಡಿಸ್ತಿದ್ದಾಗ ಬಂದು ನೋಡ್ಬೇಕಿತ್ತು!”

ಮಿಸುಜುವಿನ ಕೈ ಸಡಿಲಾಯಿತು. ಪೊರಕೆ ಲೂಮಿಂಗಳ ಕೈಗೆ ಬಂತು. ಅವಳು ಅದನ್ನು ಕಿಟಕಿಯಾಚೆ ಎಸೆದಳು. ಮಿಸುಜು ಅಲ್ಲೇ ಬೆಂಚಿನ ಮೇಲೆ ಕುಸಿದಳು.

“ಪ್ರತಿ ವರ್ಷ ಬರ್ತೀನಿ ಅಂದ್ಕೊಂಡೆ,” ಎಂದಳು. “ಸಿಟ್ಟು ಬಿಡಲಿಲ್ಲ. ಅಮ್ಮ ಹೋಗಿ ಎರಡು ವರ್ಷ ಆಗಿರಲಿಲ್ಲ, ಅಷ್ಟರಲ್ಲಿ ಹೊರಟುಬಿಟ್ರು. ಹಬ್ಬಕ್ಕೆ ಕಲ್ಲು ತೊಳೆಯೋಕೆ ಹೋದಾಗೆಲ್ಲ ಆ ಕೆಂಪು ಹೆಸರು ಕಣ್ಣಿಗೆ ಚುಚ್ಚೋದು. ಜಾಗ ಖಾಲಿ ಬಿಡಲ್ಲ, ಕರ್ಕೊಂಡು ಬಂದು ನಿನ್ನ ಪಕ್ಕ ಇಡ್ತೀನಿ ಅಂತ ಅಮ್ಮಂಗೆ ಮಾತು ಕೊಟ್ಟಿದೀನಿ.” ಆಮೇಲೆ ತಲೆಯೆತ್ತಿ ನೇರ ಕೇಳಿದಳು. “ಅಪ್ಪ ಏನಂದಿದ್ರು? ಎಲ್ಲಿ ಅಂತ ಹೇಳಿದ್ರಾ?”

“ಏನಂತೆ ಲೇ? ಏನ್ ಕೇಳ್ತಿದಾಳೆ?” ಎಂದು ತಿಯಾ ಪಾಸಿಂಗ್ ತೋಳು ತಿವಿದಳು.

“ಎಲ್ಲಿ ಹೂಳ್ಬೇಕು ಅಂತ ಅವರು ಏನ್ ಹೇಳಿದ್ರು ಅಂತ.”

“ಇಲ್ಲೇ ಅಂದ್ರು ಅನ್ನು! ಸತ್ತೋರೇನು ಎದ್ದು ಬಂದು ಇಲ್ಲ ಅಂತಾರಾ?”

ಕಿಟಕಿಯಲ್ಲಿ ನಿಂತಿದ್ದ ಡೆಟ್ಲೆಫ್ ಇಷ್ಟುದ್ದ ಕತ್ತು ಚಾಚಿದ. “ನಾನು ಸಾಕ್ಷಿ ಹೇಳ್ತೀನಿ ಲೂಮಿಂಗ್. ಬೈಬಲ್ ಮುಟ್ಟಿ ಬೇಕಾದ್ರೂ ಹೇಳ್ತೀನಿ.”

“ನೀನು ಬೈಬಲ್ ಮುಟ್ಟಿದ್ರೆ ಅದಕ್ಕೇ ಬೆಂಕಿ ಹತ್ಕೊಳ್ಳುತ್ತೆ, ಸುಮ್ನಿರು,” ಎಂದ ಹಿಂದಿನಿಂದ ಟ್ರೆವರ್.

ಲೂಮಿಂಗ್ ಪೆಟ್ಟಿಗೆಯ ಕಡೆ ನೋಡಿದಳು. ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಒಂದು ಮಾತು ಆಡಿದರೆ ಸಾಕು, ಗುಡ್ಡದ ಮೇಲೆ ಅವಳಿಗೆ ಹೂವಿಡಲು ಒಂದು ಜಾಗ ಉಳಿಯುತ್ತಿತ್ತು. ಇಡೀ ಬೀದಿ ಅವಳ ಬಾಯನ್ನೇ ನೋಡುತ್ತಿತ್ತು. ಅತ್ತ ದರಿ, ಇತ್ತ ಪುಲಿ.

“ಎರಡೂ ಹೇಳಿದ್ರು,” ಎಂದಳು. “ಮಾವಿನಹಣ್ಣು ತಿಂದ ದಿನ ‘ಇಲ್ಲೇ ಎಲ್ಲಾದ್ರೂ ಹಾಕು’ ಅನ್ನೋರು. ಮಳೆ ಹಿಡಿದು ಮಂಡಿ ನೋವು ಬಂದ್ರೆ ‘ಅಲ್ಲಿ ನನ್ನ ಹೆಸರು ಕಾಯ್ತಿದೆ, ಅವಳನ್ನ ಬದುಕಿದ್ದಾಗ್ಲೂ ಕಾಯಿಸ್ದೆ’ ಅನ್ನೋರು.” ಮಿಸುಜುವಿನ ಕಡೆ ತಿರುಗಿದಳು. “ಕೊನೇ ಸಲ ಹೇಳಿದ್ದು ಮಳೆಯಲ್ಲಿ.”

ಲೂಮಿಂಗ್ ಪೆಟ್ಟಿಗೆಯ ಮೇಲೆ ಕೈಯಿಟ್ಟಳು.

“ಕರ್ಕೊಂಡು ಹೋಗು. ಮಗಳು ನೀನು, ಅಡ್ಡ ಬರೋಕೆ ನಾನ್ಯಾರು? ಆದ್ರೆ ಸುಡದೆ ಒಯ್ಯೋಕಾಗಲ್ವಾ? ಮಂಜುಗಡ್ಡೆ ಹೊತ್ಕೊಂಡು ಬದುಕಿದ ಜೀವ. ಬೆಂಕೀಲಿ ಇಡ್ತಾರೆ ಅಂದ್ರೆ ನನ್ನ ಹೊಟ್ಟೆ ಉರಿಯುತ್ತೆ ಕಣಮ್ಮಾ.”

“ಆಗಲ್ಲ. ನಮ್ಮಲ್ಲಿ ಎಲ್ಲರನ್ನೂ ಹಾಗೇ…”

“ಗೊತ್ತು, ಗೊತ್ತು. ಸುಮ್ನೆ ಕೇಳ್ದೆ.”

ಲೂಮಿಂಗ್ ಬಾಗಿಲಿಗೆ ಹೋಗಿ ಕೂಗಿದಳು. “ಬೆರ್ಟಿಂಗ್, ಎಡಕ್ಕೆ ಕಣೋ.”

ತಿಯಾ ಪಾಸಿಂಗ್ ಎದೆ ಬಡಿದುಕೊಂಡಳು. ಇಂಥಾ ಪೆದ್ದಿಯನ್ನು ಹೆತ್ತ ಅಕ್ಕ ಸತ್ತು ಬದುಕಿಕೊಂಡಳು ಎಂದಳು. ಬ್ಯಾಂಡಿನವರು ವಾದ್ಯಗಳನ್ನು ಚೀಲಕ್ಕೆ ತುಂಬತೊಡಗಿದರು. ಡೆಟ್ಲೆಫ್ ಕುರ್ಚಿಗೆ ಹಿಂತಿರುಗಿ, ಕೂರಲಾರದೆ ಮತ್ತೆ ಎದ್ದು, ಮರವನ್ನು ಸುಮ್ಮನೆ ಸುತ್ತು ಹಾಕಿದ.

ಪೆಟ್ಟಿಗೆ ಮುಚ್ಚುವ ಮೊದಲು ಕೊನೆಯ ಸಲ ನೋಡಿಕೊಳ್ಳಲೆಂದು ಗಾಜು ಸರಿಸಿದರು. ಮಿಸುಜು ಅಪ್ಪನ ಮುಖ ನೋಡಿದಳು, ಆಮೇಲೆ ಎದೆಯ ಮೇಲೆ ಜೋಡಿಸಿಟ್ಟಿದ್ದ ಕೈಗಳನ್ನು ನೋಡಿದಳು. ಹುಬ್ಬು ಗಂಟಿಕ್ಕಿತು.

“ಉಗುರು ಇಷ್ಟುದ್ದ ಯಾಕಿದೆ? ಅಪ್ಪ ಯಾವತ್ತೂ ಹೀಗೆ ಬಿಡ್ತಿರ್ಲಿಲ್ಲ.”

“ಆಸ್ಪತ್ರೇಲಿ ಕೈಗೆಲ್ಲ ಸೂಜಿ ಚುಚ್ಚಿದ್ರು, ಮುಟ್ಟೋಕೆ ಬಿಡಲಿಲ್ಲ. ಇಲ್ಲಾಂದ್ರೆ ಭಾನುವಾರ ಭಾನುವಾರ ನಾನೇ ತೆಗೀತಿದ್ದೆ. ಅವರಿಗೆ ಕೂತು ತಕ್ಕೊಳ್ಳೋ ವ್ಯವಧಾನ ಎಲ್ಲಿತ್ತು?”

“ಅಲ್ಲಿ ಅಮ್ಮ ತೆಗೀತಿದ್ಲು,” ಎಂದಳು ಮಿಸುಜು. “ಬೈಕೊಂಡೇ ತೆಗೀತಿದ್ಲು. ಅಲುಗಾಡಬೇಡಿ, ಅಲುಗಾಡಬೇಡಿ ಅಂತ.”

“ಅಯ್ಯೋ, ನಾನು ಬೈದಿದ್ದೂ ಅದೇ!”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೊರಗೆ ಬೆರ್ಟಿಂಗ್ ಹಾರ್ನ್ ಒತ್ತಿದ. ಮಿಸುಜು ಅಪ್ಪನ ಕೈಯನ್ನು ಬಿಡದೆ ಹಿಡಿದು ತುಂಬ ಹೊತ್ತು ನಿಂತಳು. ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದಳು.

“ನೇಲ್ ಕಟರ್ ಇದೆಯಾ?”

ಲೂಮಿಂಗ್ ಹೇಳಿದ ಮೇಲೆ ಜೊವೆಲಿನ್ ಒಳಗಿನಿಂದ ತಂದುಕೊಟ್ಟಳು. ಮಿಸುಜು ಪೆಟ್ಟಿಗೆಯ ಅಂಚಿನಲ್ಲಿ ತನ್ನ ಕಪ್ಪು ಕರವಸ್ತ್ರ ಹರಡಿದಳು. ಮೊದಲ ಉಗುರು ಕತ್ತರಿಸಿ ಅದರ ಮೇಲಿಟ್ಟಳು.

“ನಮ್ಮ ತಾತ ಯುದ್ಧಕ್ಕೆ ಹೋದೋರು ವಾಪಸ್ ಬರಲಿಲ್ಲ. ಹೋಗೋ ಮುಂಚೆ ಉಗುರು, ಒಂದು ಹಿಡಿ ಕೂದಲು ಕೊಟ್ಟು ಹೋಗಿದ್ರಂತೆ. ಅವರ ಕಲ್ಲಿನ ಕೆಳಗೆ ಇರೋದು ಅಷ್ಟೇ. ಅಜ್ಜಿ ಸಾಯೋ ತನಕ ಅದಕ್ಕೇ ಅನ್ನ ಇಟ್ಲು. ಒಂದು ದಿನವೂ ಖಾಲಿ ಅಂದವಳಲ್ಲ.”

ಲೂಮಿಂಗಳಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

“ಕೂದಲು?” ಎಂದಳು, ಹಟ್ಟೋರಿಯ ನುಣ್ಣನೆ ಬೋಳುತಲೆಯ ಮೇಲೆ ಕೈಯಾಡಿಸಿ.

“ಅದಕ್ಕೆ ನಾವು ತಡವಾಗಿ ಬಂದ್ವಿ,” ಎಂದಳು ಮಿಸುಜು. ಇಬ್ಬರಿಗೂ ನಗು ಬಂತು, ನಗು ಅಳುವಾಯಿತು. ಹೆಣದ ಮೇಲೆ ಕಣ್ಣೀರು ಬೀಳಿಸಬೇಡ್ರೇ ಎಂದು ತಿಯಾ ಪಾಸಿಂಗ್ ಬೈಯುತ್ತಲೇ ತನ್ನ ಸೆರಗಿನಂಥ ಶಾಲಿನಿಂದ ಇಬ್ಬರ ಮುಖವನ್ನೂ ಒರೆಸಿದಳು.

ಹಾರ್ನ್ ಮತ್ತೆ ಕೂಗಿತು. ಬೆರ್ಟಿಂಗ್ ಬಾಗಿಲಿಗೇ ಬಂದು ನಿಂತ. “ಅಕ್ಕಾ, ಹಡಗು…”

ಮಿಸುಜು ತಿರುಗಿದಳು. ಇಲ್ಲಿನ ಭಾಷೆ ಅವಳಿಗೆ ಬರುತ್ತಿರಲಿಲ್ಲ. ಎಲ್ಲರಿಗೂ ತಿಳಿಯುವ ಒಂದು ಮಾತು ಹುಡುಕಿ ಹೇಳಿದಳು.

“ಚರ್ಚ್.”

ಅಂಗಳದಲ್ಲಿ ಯಾರೋ ಓಡಿದ ಸದ್ದು, ಬ್ಯಾಂಡಿನವರು ಚೀಲ ಬಿಚ್ಚುವ ಸದ್ದು. “ಬಲಕ್ಕಂತೆ ಕಣೋ, ಬಲಕ್ಕೆ!” ಎಂದು ಟ್ರೆವರ್ ರಸ್ತೆಗೆ ಕೇಳುವಂತೆ ಕೂಗಿದ.

ಲೂಮಿಂಗ್ ಜಪಸರ ಸರಿಸಿ ಹಟ್ಟೋರಿಯ ಬಲಗೈ ಎತ್ತಿ ಹಿಡಿದಳು. ಬೆರಳು ಸೆಟೆದಿದ್ದವು, ಒಂದೊಂದನ್ನೇ ಬಿಡಿಸಿ ಕೊಟ್ಟಳು. ಮಿಸುಜು ಕತ್ತರಿಸುತ್ತ ಬಂದಳು. ಹೆಬ್ಬೆರಳ ಉಗುರು ದಪ್ಪ, ಮಂಜುಗಡ್ಡೆಯ ಕೊಕ್ಕೆ ಬಿದ್ದು ಯಾವಾಗಲೋ ಸೀಳಿದ್ದು. ಕಟರ್ ಜಾರಿತು.

“ನೇರ ಹಾಕಿದ್ರೆ ಆಗಲ್ಲ. ಓರೆ ಹಿಡಿ,” ಎಂದಳು ಲೂಮಿಂಗ್. “ಹಾಂ, ಹಾಗೆ. ನಿಧಾನ.”

“ಇದರಲ್ಲಿ ನಿಮಗೂ ಸ್ವಲ್ಪ…”

“ಎಲ್ಲಾ ನೀನೇ ತಗೊಂಡು ಹೋಗು. ಉಳಿದದ್ದೆಲ್ಲ ನನ್ನ ಹತ್ರಾನೇ ಇರುತ್ತಲ್ಲ.”

ಮಿಸುಜು ಕರವಸ್ತ್ರ ಮಡಚಿ ಎದೆಯ ಬಳಿ ಇಟ್ಟುಕೊಂಡಳು. ಹೊರಗೆ ಕಹಳೆ ಶುರುವಾಯಿತು. ಹೊರಲು ಬಂದ ಗಂಡಸರು ಪೆಟ್ಟಿಗೆಯ ಸುತ್ತ ನಿಂತು ಕೆಮ್ಮಿದರು. ಲೂಮಿಂಗ್ ಅವರತ್ತ ನೋಡಲಿಲ್ಲ. ಕಟರಿನ ಅರದ ಬದಿ ತಿರುಗಿಸಿ ಹೆಬ್ಬೆರಳ ಒರಟು ಅಂಚನ್ನು ಉಜ್ಜಿದಳು, ಊದಿದಳು, ಇನ್ನೊಮ್ಮೆ ಉಜ್ಜಿದಳು. ಆಮೇಲೆ ಬಗ್ಗಿ, ಆ ಬೆರಳನ್ನು ತನ್ನ ಕೆನ್ನೆಯ ಮೇಲೆ ಎಳೆದು, ಇನ್ನೂ ಗೀರುತ್ತದೆಯೇ ಎಂದು ನೋಡಿದಳು.