ಪಟ್ಟಿಗೆ ಸೇರದ ಓದುಗ

ಎಲ್ಲಿಂದ ಶುರು ಮಾಡಲಿ? ‘ಸ್ಫಾಕ್ಸ್ ನಗರದಲ್ಲಿ ಒಂಟಿ ಹೆಂಗಸೊಬ್ಬಳು ಅಂಕಿ ಎಣಿಸುತ್ತಿದ್ದಳು’ ಎಂದು ಬರೆದೆ. ಹೊಡೆದುಹಾಕಿದೆ. ನನ್ನ ಕಥೆಯ ರಾಧಿಯಾಗೆ ‘ಒಂಟಿ’ ಎಂಬ ಮಾತೇ ಆಗದು. “ಲೈಬ್ರರಿಯನ್ ಅಂತ ಬರೀರಿ, ಸಾಕು,” ಎಂದಳು.

ಸರಿ. ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಲೈಬ್ರರಿಯನ್ ರಾಧಿಯಾಗೆ ಡೀನ್ ಒಂದು ಕೆಲಸ ಒಪ್ಪಿಸಿದ್ದರು. ಇಲ್ಲಿನವರು ಐದು ವರ್ಷಗಳಲ್ಲಿ ಬರೆದ ಪ್ರಬಂಧಗಳ ಕೊನೆಯಲ್ಲಿರುವ ಉಲ್ಲೇಖಗಳಲ್ಲಿ ಯಾವ ಪತ್ರಿಕೆಯ ಹೆಸರು ಎಷ್ಟು ಸಲ ಬಂದಿದೆಯೆಂದು ಎಣಿಸಬೇಕು. ಹೆಸರೇ ಬಾರದ ಪತ್ರಿಕೆಯನ್ನು ಇನ್ನು ತರಿಸುವಂತಿಲ್ಲ.

೨

ಮೂರು ವಾರ ಎಣಿಸಿದಳು. ಜರ್ಮನಿಯ ಪತ್ರಿಕೆಯೊಂದಕ್ಕೆ ನಾನೂರ ಹನ್ನೆರಡು. ಗಾಬೆಸ್ ಊರಿನಿಂದ ಬರುವ ತೆಳ್ಳನೆಯ ತ್ರೈಮಾಸಿಕಕ್ಕೆ ಸೊನ್ನೆ. ಅದರ ಸಂಪಾದಕರು ಮೊನ್ಸೆಫ್, ಆಕೆಗೆ ಪಾಠ ಹೇಳಿದ ಮೇಷ್ಟ್ರು. ಎಂಬತ್ತೊಂದರ ವಯಸ್ಸಿನಲ್ಲೂ ಲಕೋಟೆಗಳಿಗೆ ತಾವೇ ಅಂಟು ಹಚ್ಚುತ್ತಾರೆ. ಅದನ್ನು ತರಿಸುವ ಲೈಬ್ರರಿ ಇದೊಂದೇ ಉಳಿದಿತ್ತು; ಇದೂ ಬಿಟ್ಟರೆ ಪತ್ರಿಕೆ ನಿಂತಂತೆ.

(ಆಕೆ ಸೊನ್ನೆಯನ್ನು ಒಂಬತ್ತು ಮಾಡಿದಳೆಂದು ಒಂದು ಡ್ರಾಫ್ಟ್ ಬರೆದಿದ್ದೆ. ಓದಿ ಕೆಂಡವಾದಳು. “ನನ್ನ ಕೈಲಿ ಕಳ್ಳಕೆಲಸ ಮಾಡಿಸ್ಬೇಡಿ. ಮೇಷ್ಟ್ರಿಗೆ ಗೊತ್ತಾದ್ರೆ ಮುಖ ಹೇಗೆ ತೋರಿಸ್ಲಿ?” ಹರಿದುಹಾಕಿದೆ.)

೩

ಗುರುವಾರ ಮಧ್ಯಾಹ್ನ ಆಕೆ ಒಬ್ಬಳೇ ಕೂತು ಖಾರದ ಹರಿಸಾ ಹಚ್ಚಿದ ರೊಟ್ಟಿ ತಿನ್ನುತ್ತಿದ್ದಾಗ, ಎಣ್ಣೆಕಲೆಯ ಅಂಗಿ ತೊಟ್ಟ ಒಬ್ಬಾತ ಬಂದ. ಹಮಾದಿ, ಆಲಿವ್ ಗಾಣದ ಮೇಸ್ತ್ರಿ.

“ಲಲ್ಲಾ,” ಎಂದು ಗೌರವದಿಂದ ಕರೆದು ಕೇಳಿದ, “ಗಾಬೆಸ್ ಪತ್ರಿಕೆ ಹೊಸದು ಬಂತಾ?”

ರಾಧಿಯಾ ತುತ್ತು ನುಂಗುವುದನ್ನೇ ಮರೆತಳು. “ನಿಮಗ್ಯಾಕೆ ಅದು?”

“ಗಾಣದ ಕಪ್ಪುನೀರು ಬಾವಿಗೆ ಇಳೀತಿತ್ತು. ಸುಣ್ಣ ಹಾಕಿ ತಿಳಿ ಮಾಡೋ ಕ್ರಮ ಅದ್ರಲ್ಲಿತ್ತು. ನಾಲ್ಕು ವರ್ಷದಿಂದ ಹಾಗೇ ಮಾಡ್ತಿದೀವಿ. ಮೊದಲು ಕುರಿಗಳು ಬಾವಿ ನೀರು ಮೂಸಿ ತಿರುಗಿ ಹೋಗ್ತಿದ್ವು. ಈಗ ಕುಡೀತವೆ.”

“ನೀವೇನಾದ್ರೂ ಪ್ರಬಂಧ ಬರೆದಿದ್ದೀರಾ?”

“ಒಳ್ಳೇ ತಮಾಷೆ! ಹೆಂಡ್ತಿಗೇ ಒಂದು ಕಾಗದ ಬರೆದವನಲ್ಲ ನಾನು.”

೪

ಪಟ್ಟಿಯ ಕೆಳಗೆ ಹಮಾದಿಯ ಹೆಸರನ್ನೂ ಬಾವಿಯ ವಿಷಯವನ್ನೂ ಬರೆದಳು. ಡೀನ್ ಓದಿ ನಕ್ಕರು. “ಇದನ್ನ ಯಾವ ಕಾಲಂಗೆ ಹಾಕೋದಮ್ಮ?” ಪತ್ರಿಕೆಯನ್ನು ಪಟ್ಟಿಯಿಂದ ಹೊಡೆದುಹಾಕಿದರು. (ಅವರ ಮನಸ್ಸು ಕರಗಿತೆಂಬ ಡ್ರಾಫ್ಟೂ ಇದೆ. ಅದನ್ನು ನಾನೇ ನಂಬಲಿಲ್ಲ.)

ಸಂಜೆ ಗಾಬೆಸ್‌ಗೆ, ಮೇಷ್ಟ್ರಿಗೆ ಫೋನ್ ಮಾಡಿದಳು. ಹೇಳಬೇಕಿದ್ದದ್ದು ಪತ್ರಿಕೆ ಪಟ್ಟಿಯಿಂದ ಹೋದ ಸುದ್ದಿ. ಬಾಯಿಗೆ ಬಂದದ್ದು ಹಮಾದಿಯ ಕಥೆ. ಆ ಕಡೆ ಕಾಗದ ಹುಡುಕುವ ಸದ್ದು.

“ಸುಣ್ಣ ಎಷ್ಟು ಹಾಕ್ತಾನಂತೆ, ಮಗಳೇ?”

“ಕೇಳ್ಲಿಲ್ಲ, ಮೇಷ್ಟ್ರೇ.”

“ಕೇಳ್ಬೇಕಿತ್ತು! ಅವನ ವಿಳಾಸ ಕೊಡು. ಮುಂದಿನ ಸಂಚಿಕೇಲಿ ಹಾಕೋಣ.”

ಮುಂದಿನ ಸಂಚಿಕೆ. ರಾಧಿಯಾ ಕಣ್ಣು ಮುಚ್ಚಿಕೊಂಡಳು.

ಸುದ್ದಿ ಹೇಳಿದಳೇ? ಹೇಳದೆ ವಿಳಾಸ ಕೊಟ್ಟಳೇ? ಎರಡನ್ನೂ ಬರೆಯಲು ಸಿದ್ಧನಾಗಿ ಪೆನ್ನು ಹಿಡಿದು ಕಾದೆ. ಆಕೆ ರಿಸೀವರ್‌ಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದಳು.

“ನೀವಿನ್ನು ಹೊರಡಿ. ನಾವಿನ್ನೂ ಮಾತಾಡ್ತಿದೀವಿ.”